ಗಡೀಲಿ ಅಲ್ಲಾಡದ ಅಪ್ಪ ಊರಿನ ಗಲಾಟೆ ಆದ್ಮೇಲೆ ಯಾಕೆ ಹೀಗಾದ್ರು?

ಪ್ರಶ್ನೆ: ನಮ್ಮದು ಕೊಡಗು. ಅಪ್ಪನಿಗೆ 58 ವರ್ಷ, ಸುಬೇದಾರ್ ಆಗಿ ರಿಟೈರ್ ಆಗಿ 15 ವರ್ಷ ಆಯ್ತು. ಸರ್ವಿಸ್‌ಗೆ ಸೇರಿದ ಹೊಸದರಲ್ಲೇ ಶ್ರೀಲಂಕಾಕ್ಕೆ ಹೋಗಿದ್ರು, ಆಮೇಲೆ ಕಾಶ್ಮೀರದ ಕುಪ್ವಾರದಲ್ಲಿ ರಾಷ್ಟ್ರೀಯ ರೈಫಲ್ಸ್‌ನಲ್ಲಿದ್ರು. ಅಲ್ಲಿಂದ ಬಂದ್ಮೇಲೂ ಆರಾಮಾಗೇ ಇದ್ರು, ಪೇಟೇಲಿ ಒಂದು ಸಣ್ಣ ಅಂಗಡಿ ಇದೆ. ಹೋದ ವರ್ಷ ಪೇಟೇಲಿ ಎರಡು ಗುಂಪಿನ ಮಧ್ಯೆ ಗಲಾಟೆ ಆಗಿ ಕಲ್ಲು ತೂರಾಟ ಆಯ್ತು, ಬೈಕು ಸುಟ್ರು, ಒಬ್ಬ ಹುಡುಗ ಅಪ್ಪನ ಅಂಗಡಿ ಮೆಟ್ಟಿಲ ಮೇಲೇ ತಲೆ ಒಡೆದು ಬಿದ್ದ. ಹುಡುಗ ಉಳ್ಕೊಂಡ. ಆದ್ರೆ ಅವತ್ತಿಂದ ಅಪ್ಪನಿಗೆ ನಿದ್ದೆ ಇಲ್ಲ, ರಾತ್ರಿ ಮೂರ್ನಾಲ್ಕು ಸಲ ಎದ್ದು ಗೇಟು ನೋಡ್ತಾರೆ, ಪೇಟೆಗೆ ಹೋಗಲ್ಲ, ಅಮ್ಮನ ಮೇಲೆ ಸುಮ್ಮಸುಮ್ನೆ ರೇಗ್ತಾರೆ. ಎದೆ ಹಿಡ್ಕೊಂಡಂಗೆ ಆಗತ್ತೆ ಅಂತಾರೆ, ಇಸಿಜಿ, ಎಕೋ, ಟ್ರೆಡ್‌ಮಿಲ್ ಎಲ್ಲಾ ನಾರ್ಮಲ್. ಬಿಪಿ ಜಾಸ್ತಿ ಆಗಿದೆ, ಡ್ರಿಂಕ್ಸೂ ಜಾಸ್ತಿ ಆಗಿದೆ. ಒಮ್ಮೊಮ್ಮೆ ರಾತ್ರಿ ಕೋವಿ ಒರೆಸ್ತಾ ಕೂತಿರ್ತಾರೆ. ಇದು ಹಾರ್ಟ್ ಪ್ರಾಬ್ಲಮ್ಮಾ, ಮನಸ್ಸಿಂದಾ? ಅಷ್ಟೆಲ್ಲಾ ನೋಡಿದವರಿಗೆ ಇಷ್ಟಕ್ಕೇ ಯಾಕೆ ಹೀಗಾಯ್ತು? ನಾನು ಬೆಂಗಳೂರಲ್ಲಿ ಕೆಲಸದಲ್ಲಿದೀನಿ, ಇಲ್ಲಿಗೇ ಕರ್ಕೊಂಡು ಬಂದುಬಿಡ್ಲಾ?

ಉತ್ತರ: ಮೊದಲು ಕೋವಿ ವಿಷಯ. ನೀವು ಅದನ್ನ ಒಂದೇ ಸಾಲಲ್ಲಿ ಬರೆದು ಮುಂದೆ ಹೋಗಿದೀರ, ನನ್ನ ಕಣ್ಣು ಮಾತ್ರ ಅಲ್ಲೇ ನಿಂತುಬಿಡ್ತು. ಕೊಡಗಿನ ಮನೆಗಳಲ್ಲಿ ಕೋವಿ ಅಂದ್ರೆ ಏನು ಅಂತ ನನಗೆ ಗೊತ್ತು, ಕೈಲ್ ಪೊಳ್ದ್‌ಗೆ ಹೂವಿಟ್ಟು ಪೂಜೆ ಮಾಡೋ ವಸ್ತು ಅದು, ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಇರೋ ನಾಡು. ಅದನ್ನ ಕಿತ್ಕೊಳ್ಳಿ ಅಂತ ನಾನು ಹೇಳ್ತಿಲ್ಲ. ಆದ್ರೆ ನಿದ್ದೆ ಇಲ್ಲದೆ, ಕುಡಿತ ಜಾಸ್ತಿ ಆಗಿ, ಜನರಿಂದ ದೂರ ಸರೀತಿರೋ ಒಬ್ಬ ಮಾಜಿ ಸೈನಿಕರ ಮನೇಲಿ ಕೋವಿ ಮತ್ತೆ ತೋಟಾ ಎರಡೂ ಕೈಗೆ ಸಿಗೋ ಹಾಗೆ ಇರಬಾರದು, ಇದರಲ್ಲಿ ನಾನು ರಾಜಿ ಮಾಡ್ಕೊಳ್ಳಲ್ಲ. ಅಮೆರಿಕದಲ್ಲಿ ಆತ್ಮಹತ್ಯೆ ಮಾಡ್ಕೊಳ್ಳೋ ಮಾಜಿ ಸೈನಿಕರಲ್ಲಿ ಹತ್ತರಲ್ಲಿ ಸುಮಾರು ಏಳು ಜನ ಬಂದೂಕಿನಿಂದಲೇ ಸಾಯ್ತಾರೆ. ಸಾಯಬೇಕು ಅನ್ನೋ ತೀವ್ರವಾದ ಯೋಚನೆ ಎಷ್ಟೋ ಜನರಲ್ಲಿ ಸ್ವಲ್ಪ ಹೊತ್ತು ಬಂದು ಹೋಗತ್ತೆ, ಆ ಹೊತ್ತಲ್ಲಿ ಕೈಗೆ ಏನು ಸಿಗತ್ತೆ ಅನ್ನೋದರ ಮೇಲೆ ಜೀವ ಉಳಿಯತ್ತಾ ಇಲ್ವಾ ಅನ್ನೋದು ನಿಂತಿರತ್ತೆ. ಅದಕ್ಕೇ ಈ ವಾರವೇ ತೋಟಾ ಎಲ್ಲಾ ಬೇರೆ ಕಡೆ ಹೋಗಲಿ, ಬೀಗದ ಕೈ ಅಪ್ಪ ನಂಬೋ ಇನ್ನೊಬ್ಬರ ಹತ್ರ ಇರಲಿ. ಕೋವಿಯನ್ನ ಸ್ವಲ್ಪ ದಿನಕ್ಕೆ ಠಾಣೆಯಲ್ಲೋ ಲೈಸೆನ್ಸ್ ಇರೋ ಕೋವಿ ಅಂಗಡೀಲೋ ಡಿಪಾಸಿಟ್ ಇಡೋಕೂ ಅವಕಾಶ ಇದೆ. ಕದ್ದು ಮುಚ್ಚಿ ಮಾಡಬೇಡಿ, ಅವರಿಗೆ ಹೇಳಿಯೇ ಮಾಡಿ. ವೆಪನ್ ಸೇಫ್ಟಿ ಅಂದ್ರೆ ಏನು ಅಂತ ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು, "ಅಪ್ಪ, ನಿಮಗೆ ನಿದ್ದೆ ಸರಿಯಾಗೋ ತನಕ ಇದು ಕೋತ್‌ನಲ್ಲಿ ಇರಲಿ" ಅಂದ್ರೆ ಅವರಿಗೆ ಅರ್ಥ ಆಗತ್ತೆ, ಕೋತ್ ಅಂದ್ರೆ ಸೇನೆಯ ಆಯುಧ ಕೋಣೆ.

ಹಾಗೇ ನೇರವಾಗಿ ಕೇಳಿ, "ಸಾಯೋ ಯೋಚನೆ ಬರ್ತಿದ್ಯಾ ಅಪ್ಪ" ಅಂತ. ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದಂಗೆ ಆಗತ್ತೆ ಅಂತ ಎಲ್ಲರೂ ಹೆದರ್ತಾರೆ, ಹಾಗೇನೂ ಆಗಲ್ಲ, ಯಾರಾದ್ರೂ ಕೇಳಿದ್ರಲ್ಲಾ ಅಂತ ಎಷ್ಟೋ ಜನ ಬಾಯಿ ಬಿಡ್ತಾರೆ. ಹೌದು ಅಂದ್ರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಈಗ ನಿಮ್ಮ ಮೊದಲನೇ ಪ್ರಶ್ನೆ, ಹಾರ್ಟಾ ಮನಸ್ಸಾ ಅಂತ. ಈ ಪ್ರಶ್ನೆಗೆ 150 ವರ್ಷದ ಇತಿಹಾಸ ಇದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಜೇಕಬ್ ಡ ಕೋಸ್ಟಾ ಅನ್ನೋ ಡಾಕ್ಟರು ಸುಮಾರು 300 ಸೈನಿಕರ ಕೇಸುಗಳನ್ನ ನೋಡಿ 1871ರಲ್ಲಿ ಬರೆದ್ರು, ಇವರಿಗೆಲ್ಲಾ ಎದೆ ನೋವು, ಎದೆ ಬಡಿತ, ಉಸಿರು ಕಟ್ಟೋದು, ಸುಸ್ತು, ಆದ್ರೆ ಹೃದಯ ಪರೀಕ್ಷೆ ಮಾಡಿದ್ರೆ ದೊಡ್ಡ ದೋಷ ಏನೂ ಸಿಗಲ್ಲ ಅಂತ. ಆಗಿನ ಕಾಲದಲ್ಲಿ ಅದಕ್ಕೆ ಸೋಲ್ಜರ್ಸ್ ಹಾರ್ಟ್ ಅನ್ನೋ ಹೆಸರು ಬಿತ್ತು. ಮೊದಲ ಮಹಾಯುದ್ಧದಲ್ಲಿ ಅದೇ ಥರದ ಜನರಿಗೆ ಶೆಲ್ ಶಾಕ್ ಅಂದ್ರು. ವಿಯೆಟ್ನಾಂನಿಂದ ವಾಪಸ್ ಬಂದವರು ಹೋರಾಡಿದ್ಮೇಲೆ 1980ರಲ್ಲಿ ಪಿಟಿಎಸ್‌ಡಿ ಅಂತ, ಅಂದ್ರೆ ದೊಡ್ಡ ಆಘಾತ ಆದ್ಮೇಲೆ ಉಳಿಯೋ ಮಾನಸಿಕ ತೊಂದರೆ ಅಂತ, ಕಾಯಿಲೆಗಳ ಪಟ್ಟಿಗೆ ಸೇರ್ತು. ನಿಮ್ಮ ಅಪ್ಪನ ಲಕ್ಷಣ ನೀವು ಬರೆದಿರೋ ಹಾಗೇ ಇದ್ರೆ, ನೋಡದೆ ಹೆಸರಿಡೋದು ಸರಿಯಲ್ಲ ಆದ್ರೂ, ನಾನು ಮೊದಲು ಯೋಚಿಸೋದು ಇದನ್ನೇ.

ಹಾಗಂತ "ಇದು ಬರೀ ಮನಸ್ಸಿಂದು, ಹಾರ್ಟಿಗೆ ಏನೂ ಆಗಿಲ್ಲ" ಅಂತ ಸುಮ್ಮನಾಗೋ ಹಾಗಿಲ್ಲ. ವಿಯೆಟ್ನಾಂ ಕಾಲದಲ್ಲಿ ಸೇನೆಯಲ್ಲಿದ್ದ ಅವಳಿ ಸೋದರರನ್ನ ವರ್ಷಗಟ್ಟಲೆ ಫಾಲೋ ಮಾಡಿದ ಒಂದು ಅಧ್ಯಯನ 2013ರಲ್ಲಿ ಬಂತು. ಅವಳಿಗಳು ಅಂದ್ರೆ ಒಂದೇ ಅಪ್ಪ ಅಮ್ಮ, ಒಂದೇ ಮನೆ ಊಟ, ಅನುವಂಶೀಯತೆಯಲ್ಲೂ ಬಹಳ ಪಾಲು ಒಂದೇ, ಹಾಗಾಗಿ ಹೋಲಿಕೆ ಗಟ್ಟಿ. ಶುರುವಿನಲ್ಲಿ ಹೃದಯದ ಕಾಯಿಲೆ ಯಾರಿಗೂ ಇರಲಿಲ್ಲ, ಆಮೇಲೆ ಪಿಟಿಎಸ್‌ಡಿ ಇದ್ದವರಿಗೆ ಹೃದಯದ ರಕ್ತನಾಳದ ಕಾಯಿಲೆ ಬಂದಿದ್ದು ಇಲ್ಲದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಇವತ್ತು ಎಕೋ ನಾರ್ಮಲ್ ಇರಬಹುದು, ಆದ್ರೆ ಹೀಗೇ ಬಿಟ್ರೆ ಇನ್ನು ಹತ್ತು ವರ್ಷದಲ್ಲಿ ಅದು ನಾರ್ಮಲ್ ಇರತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಒಳಗೆ ಏನಾಗತ್ತೆ ಅಂದ್ರೆ, ಅಪಾಯ ಅಂತ ಮಿದುಳಿಗೆ ಅನಿಸಿದ ಕೂಡ್ಲೇ ಅಡ್ರಿನಲಿನ್ ಏರತ್ತೆ, ಎದೆ ಬಡಿತ ಜಾಸ್ತಿ, ಬಿಪಿ ಜಾಸ್ತಿ, ಸಕ್ಕರೆ ರಕ್ತಕ್ಕೆ ಬರತ್ತೆ, ಸ್ನಾಯು ಬಿಗಿಯಾಗತ್ತೆ. ಕುಪ್ವಾರದಲ್ಲಿ ಪೆಟ್ರೋಲಿಂಗ್ ಹೋಗುವಾಗ ಇದೇ ಅವರ ಜೀವ ಉಳಿಸಿದ್ದು. ಆದ್ರೆ ಈಗ ಅವರ ಮೈ ರಿಲೀಫ್ ಬರದೇ ಇರೋ ಸೆಂಟ್ರಿ ಥರ ಆಗಿದೆ, ಹಗಲು ರಾತ್ರಿ ಡ್ಯೂಟಿ ಮೇಲೇ ಇದೆ. ಗೇಟು ನೋಡೋಕೆ ಏಳೋದು, ಬಾಗಿಲಿಗೆ ಬೆನ್ನು ಹಾಕಿ ಕೂರದೇ ಇರೋದು, ಪಾತ್ರೆ ಬಿದ್ರೂ ಬೆಚ್ಚಿ ಬೀಳೋದು, ಅಮ್ಮ ಹಿಂದಿನಿಂದ ಕರೆದ್ರೆ ರೇಗೋದು ಎಲ್ಲಾ ಇದರಿಂದಲೇ. ರಾತ್ರಿ ನಿದ್ದೇಲಿ ಎಲ್ಲರ ಬಿಪಿಯೂ ಇಳೀಬೇಕು, ಇಂಥವರಲ್ಲಿ ಅದು ಸರಿಯಾಗಿ ಇಳಿಯಲ್ಲ. ಅದಕ್ಕೇ ಕ್ಲಿನಿಕ್‌ನಲ್ಲಿ ಒಂದು ಸಲ ನೋಡಿದ ಬಿಪಿ ಸಾಕಾಗಲ್ಲ, 24 ಗಂಟೆ ಕಟ್ಟಿ ನೋಡೋ ಮೆಷಿನ್ ಇದೆ, ಅದನ್ನ ಹಾಕಿಸಿ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಕೊಲೆಸ್ಟ್ರಾಲ್, ಥೈರಾಯ್ಡ್, ಲಿವರ್ ಟೆಸ್ಟ್ ಕೂಡ ಆಗಲಿ. ಗೊರಕೆ ಜೋರಾಗಿದ್ಯಾ, ನಿದ್ದೇಲಿ ಉಸಿರು ನಿಂತಂಗೆ ಆಗತ್ತಾ ಅಂತ ಅಮ್ಮನ್ನ ಕೇಳಿ, ಸ್ಲೀಪ್ ಆಪ್ನಿಯಾ ಈ ಗುಂಪಿನವರಲ್ಲಿ ತುಂಬಾ ಸಿಗತ್ತೆ, ಅದನ್ನ ಹಿಡಿಯದೆ ಬಿಪಿ ಮಾತ್ರೆ ಏರಿಸ್ತಾ ಹೋದ್ರೆ ಪ್ರಯೋಜನ ಕಮ್ಮಿ.

ಇನ್ನೊಂದು ಯಾರೂ ಗಮನಿಸದ ವಿಷಯ ಕಿವಿ. ಇಪ್ಪತ್ತು ಇಪ್ಪತ್ತೈದು ವರ್ಷ ಫೈರಿಂಗ್ ಸದ್ದಿನ ಪಕ್ಕ ಇದ್ದವರಿಗೆ ಕಿವಿ ಮಂದ ಆಗಿರತ್ತೆ, ಒಳಗೆ ಗುಂಯ್ ಅಂತಿರತ್ತೆ. ಹೇಳಿದ್ದು ಅರ್ಧ ಕೇಳ್ಸತ್ತೆ, ಕೇಳಿಸದ ಅರ್ಧವನ್ನ ಬೆಚ್ಚಿರೋ ಮನಸ್ಸು ಕೆಟ್ಟದ್ದಾಗಿ ತುಂಬ್ಕೊಳತ್ತೆ. ಮನೇಲಿ ಜಗಳ ಆಗೋದರಲ್ಲಿ ಇದರ ಪಾಲು ಚಿಕ್ಕದಲ್ಲ. ಹಾಗೇ ಸರ್ವಿಸ್‌ನಲ್ಲಿ ಎಲ್ಲಾದ್ರೂ ಬ್ಲಾಸ್ಟ್ ಹತ್ರ ಇದ್ರಾ, ತಲೆಗೆ ಪೆಟ್ಟು ಬಿದ್ದಿತ್ತಾ ಅನ್ನೋದನ್ನೂ ಡಾಕ್ಟರಿಗೆ ಹೇಳಿ.

ಇನ್ನು ನಿಮ್ಮ ಎರಡನೇ ಪ್ರಶ್ನೆ, ಅಷ್ಟೆಲ್ಲಾ ನೋಡಿದವರಿಗೆ ಇಷ್ಟಕ್ಕೇ ಯಾಕೆ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ಮನೆಯವರೂ ಊರವರೂ ಕೆಲವು ಸಲ ಡಾಕ್ಟರುಗಳೂ ಇಲ್ಲೇ ಎಡವೋದು, "ನೀನು ಮಿಲಿಟ್ರಿಯವನು, ಧೈರ್ಯ ತಗೋ" ಅಂತಾರೆ, ಆ ಮಾತು ಕೇಳಿ ಅವರು ಇನ್ನೂ ಒಳಗೆ ಹೋಗಿಬಿಡ್ತಾರೆ.

ಹಿಂದೆ ಅನುಭವಿಸಿದ ಹಿಂಸೆ ಮನುಷ್ಯನನ್ನ ಗಟ್ಟಿ ಮಾಡತ್ತೆ, ಮುಂದಿನದ್ದು ತಾಗಲ್ಲ ಅಂತ ನಾವು ಅಂದ್ಕೊಂಡಿದೀವಿ. ನಿಜ ಏನಂದ್ರೆ ಬಹಳ ಜನರಲ್ಲಿ ಅದು ಕೂಡ್ತಾ ಹೋಗತ್ತೆ. ಇಸ್ರೇಲಿನ ಜಹಾವಾ ಸೊಲೊಮನ್ ಅನ್ನೋ ಸಂಶೋಧಕಿ 1982ರ ಲೆಬನಾನ್ ಯುದ್ಧದ ಸೈನಿಕರನ್ನ ನೋಡಿದಾಗ, 1973ರ ಯುದ್ಧದಲ್ಲಿ ಕುಸಿದು ಆಮೇಲೆ ಸರಿಹೋಗಿದ್ದ ಕೆಲವರು ಮತ್ತೆ ಅದೇ ಥರ ಕುಸಿದಿದ್ದು ಕಾಣಿಸ್ತು. ಹೊರಗಿನಿಂದ ವಾಸಿಯಾದ ಹಾಗಿದ್ದದ್ದು ಒಳಗೆ ಇನ್ನೂ ಮಾಗಿರಲಿಲ್ಲ. ಅದೇ ತಂಡ ಲೆಬನಾನ್ ಸೈನಿಕರನ್ನ 20 ವರ್ಷ ಆದ್ಮೇಲೆ ಮತ್ತೆ ನೋಡಿದ್ರು, ಮೂರನೇ ವರ್ಷಕ್ಕೆ ಇಳಿದಿದ್ದ ಪಿಟಿಎಸ್‌ಡಿ ಪ್ರಮಾಣ ಮತ್ತೆ ಏರಿತ್ತು. ಹಾಗಾಗಿ ರಿಟೈರ್ ಆಗಿ 15 ವರ್ಷ ಆದ್ಮೇಲೆ ಬಂತು ಅಂದ್ರೆ ನಾಟಕ ಅಂತಲೋ ವಯಸ್ಸಿನ ಹಠ ಅಂತಲೋ ಅರ್ಥ ಅಲ್ಲ.

ನಿಮ್ಮ ಅಪ್ಪನ ವಿಷಯದಲ್ಲಿ ಇನ್ನೂ ಒಂದು ಇದೆ, ನನ್ನ ಪ್ರಕಾರ ಅದೇ ಮುಖ್ಯ. ಗಡೀಲಿ ಅಪಾಯ ಇತ್ತು, ಆದ್ರೆ ಅಲ್ಲಿ ಕೈಲಿ ವೆಪನ್ ಇತ್ತು, ಮೇಲೆ ಆರ್ಡರ್ ಇತ್ತು, ಪಕ್ಕದಲ್ಲಿ ಜೊತೆಗಾರ ಸೈನಿಕ ಇದ್ದ, ತಮ್ಮದೇ ಸೆಕ್ಷನ್ ಅಂದ್ರೆ ಸಣ್ಣ ತುಕಡಿ ಇತ್ತು, ಏನು ಮಾಡಬೇಕು ಅಂತ ಟ್ರೇನಿಂಗ್ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ "ಇದು ಇಲ್ಲಿ, ನಮ್ಮೂರಲ್ಲಿ ಇದೆಲ್ಲಾ ಇಲ್ಲ" ಅನ್ನೋ ಒಂದು ಗೆರೆ ಇತ್ತು. ಲೀವ್‌ಗೆ ಬರುವಾಗ ಮೈಸೂರು ದಾಟಿ ಘಟ್ಟ ಹತ್ತಿದ್ರೆ ಮೈ ಸಡಿಲ ಆಗ್ತಿತ್ತು ಅಂತ ನಿಮ್ಮ ಕಡೆಯ ಎಷ್ಟು ಜನ ಮಾಜಿ ಸೈನಿಕರು ನನಗೆ ಹೇಳಿದಾರೆ. ಆ ಗೆರೆಯ ಮೇಲೆ ಇಡೀ ಮನಸ್ಸು ನಿಂತಿರತ್ತೆ. ಗಲಾಟೆ ದಿನ ಅದೇ ಅಳಿಸಿಹೋಯ್ತು. ಕಲ್ಲು ಬಿದ್ದಿದ್ದು ಸ್ವಂತ ಅಂಗಡಿ ಮುಂದೆ, ಹೊಡೆದವರಲ್ಲಿ ದಿನಾ ನಮಸ್ಕಾರ ಮಾಡ್ತಿದ್ದ ಮುಖಗಳೂ ಇದ್ದಿರಬಹುದು, ಕೈಲಿ ಏನೂ ಇಲ್ಲ, ಯಾರ ಆರ್ಡರೂ ಇಲ್ಲ. ಅಪಘಾತಕ್ಕಿಂತ, ಪ್ರಕೃತಿ ವಿಕೋಪಕ್ಕಿಂತ, ಮನುಷ್ಯ ಬೇಕಂತ ಮಾಡಿದ ಹಿಂಸೆ ಹೆಚ್ಚು ಆಳಕ್ಕೆ ಇಳಿಯತ್ತೆ ಅನ್ನೋದು ಮತ್ತೆ ಮತ್ತೆ ಕಂಡಿರೋ ಸಂಗತಿ, ಅದರಲ್ಲೂ ಗುರುತಿನವರು ಮಾಡಿದ್ದಾದ್ರೆ ಕೇಳಲೇಬೇಡಿ. ಆ ಹುಡುಗ ಮೆಟ್ಟಿಲ ಮೇಲೆ ಬಿದ್ದಾಗ "ನಾನು ಸೈನಿಕ, ನಾನಿದ್ದೂ ತಡೀಲಿಲ್ಲ" ಅನ್ನೋ ಒಂದು ಮಾತು ಅವರೊಳಗೆ ಹೊಕ್ಕಿರೋ ಸಾಧ್ಯತೆ ಹೆಚ್ಚು. ಇದು ಭಯ ಅಲ್ಲ, ತಪ್ಪಿತಸ್ಥ ಭಾವ, ನಾಚಿಕೆ. ಭಯಕ್ಕೆ ಮಾತ್ರ ಔಷಧಿ ಕೊಟ್ಟು ಇದನ್ನ ಬಿಟ್ರೆ ಅರ್ಧ ಕಾಯಿಲೆ ಹಾಗೇ ಉಳಿಯತ್ತೆ. ಅವರು ಇಪ್ಪತ್ತರ ಹರೆಯದಲ್ಲಿ ಶ್ರೀಲಂಕಾದ ಜಾಫ್ನಾ ಕಡೆ ಏನು ನೋಡಿದ್ರೋ, ಕುಪ್ವಾರದಲ್ಲಿ ಯಾರನ್ನ ಕಳ್ಕೊಂಡ್ರೋ, ಅದೆಲ್ಲಾ ಈ ಹುಡುಗನ ರಕ್ತದ ಜೊತೆ ಬೆರೆತು ಈಗ ಕನಸಲ್ಲಿ ಬರ್ತಿರಬಹುದು.

ಹಿಂಸೆಯ ಮಧ್ಯೆ ಬದುಕಿದ್ರೆ ಹೀಗಾಗೋಕೆ ಸೈನಿಕರೇ ಆಗಿರಬೇಕಂತಿಲ್ಲ ನೋಡಿ. ಕಾಶ್ಮೀರ ಕಣಿವೆಯಲ್ಲೇ 2015ರಲ್ಲಿ ಗಡಿರಹಿತ ವೈದ್ಯರ ಸಂಸ್ಥೆ ಅಲ್ಲಿನ ವಿಶ್ವವಿದ್ಯಾಲಯದ ಜೊತೆ ಮಾಡಿದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ. 45ರಷ್ಟು ಜನರಿಗೆ ಮಾನಸಿಕ ಯಾತನೆ ಇತ್ತು, ಶೇ. 19ರಷ್ಟು ಜನರಲ್ಲಿ ಪಿಟಿಎಸ್‌ಡಿ ಲಕ್ಷಣ ಇತ್ತು. ಗಲಾಟೆ ನೋಡಿದ ನಿಮ್ಮ ಪೇಟೆಯ ಬೇರೆ ಅಂಗಡಿಯವರು, ಆ ಹುಡುಗನ ತಾಯಿ, ನಿಮ್ಮ ಅಮ್ಮ, ಇವರೂ ನಿದ್ದೆ ಕೆಟ್ಟಿರಬಹುದು. ಅಮ್ಮನ ಬಿಪಿಯನ್ನೂ ಚೆಕ್ ಮಾಡಿಸಿ, ಅವರ ಕಷ್ಟವನ್ನ ಯಾರೂ ಕೇಳಿರಲ್ಲ.

ಅಪ್ಪ ಇಷ್ಟು ವರ್ಷ ಏನೂ ಹೇಳಲಿಲ್ಲ ಅಂತ ನಿಮಗೆ ಬೇಜಾರಿರಬಹುದು. ಸೇನೆಯ ಮೆಡಿಕಲ್ ಕೆಟಗರಿಗೆ ಶೇಪ್ ಅಂತಾರೆ, ಅದರ ಐದು ಅಂಶಗಳಲ್ಲಿ ಮೊದಲನೇದು ಮನಸ್ಸಿಂದೇ. ಅಲ್ಲಿ ಕೆಟಗರಿ ಡೌನ್ ಆದ್ರೆ ಪ್ರಮೋಷನ್ ಹೋಯ್ತು, ಒಳ್ಳೆ ಕೋರ್ಸ್ ಹೋಯ್ತು, ಬ್ಯಾರಕ್‌ನಲ್ಲಿ ಹೆಸರು ಹೋಯ್ತು ಅನ್ನೋ ಭಯದಲ್ಲೇ ಜವಾನರು ಸರ್ವಿಸ್ ಪೂರ್ತಿ ಬಾಯಿ ಮುಚ್ಕೊಂಡು ಇರ್ತಾರೆ. ಬಾಯಿ ಮುಚ್ಕೊಂಡಿದ್ದಕ್ಕೇ ಅವರಿಗೆ ಸುಬೇದಾರ್ ರ‍್ಯಾಂಕ್ ತನಕ ಬರೋಕಾಗಿದ್ದು ಅಂತ ಅವರು ಒಳಗೊಳಗೇ ನಂಬಿರ್ತಾರೆ. ಆ ಅಭ್ಯಾಸ ನೀವು ಒಂದು ಸಲ ಕೇಳಿದ ಮಾತ್ರಕ್ಕೆ ಹೋಗಲ್ಲ. ಈಗ ಕೆಟಗರಿ ಇಲ್ಲ, ಪೆನ್ಷನ್‌ಗೆ ತೊಂದರೆ ಇಲ್ಲ, 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಡಾಕ್ಟರ್ ಹತ್ರ ಹೇಳಿದ್ದು ಗುಟ್ಟಾಗೇ ಇರಬೇಕು, ಇದನ್ನ ಅವರಿಗೆ ಸ್ಪಷ್ಟವಾಗಿ ಹೇಳಿ.

ಕುಡಿತದ ಬಗ್ಗೆ. ಕ್ಯಾಂಟೀನ್ ಕೋಟಾ ರಮ್ ಇಷ್ಟು ವರ್ಷ ಲೆಕ್ಕದಲ್ಲಿತ್ತು, ಈಗ ಅದು ನಿದ್ದೆ ಮಾತ್ರೆ ಕೆಲಸ ಮಾಡ್ತಿದೆ. ಕುಡಿದ್ರೆ ಬೇಗ ನಿದ್ದೆ ಹತ್ತೋದು ನಿಜ, ಆದ್ರೆ ಅಮಲು ಇಳಿಯೋ ಹೊತ್ತಿಗೆ ಅಂದ್ರೆ ರಾತ್ರಿ ಎರಡು ಮೂರು ಗಂಟೆಗೆ ಎದೆ ಹೊಡ್ಕೊಂಡು ಎಚ್ಚರ ಆಗತ್ತೆ, ಕನಸು ಇನ್ನೂ ಜೋರಾಗತ್ತೆ, ಬೆಳಗ್ಗೆ ಬಿಪಿ ಏರಿರತ್ತೆ. ಬೈದು ಬಾಟಲಿ ಎಸೆಯೋಕೆ ಹೋಗಬೇಡಿ. ದಿನಾ ಜಾಸ್ತಿ ಕುಡಿಯೋರು ಒಂದೇ ಸಲ ನಿಲ್ಲಿಸಿದ್ರೆ ಕೈ ನಡುಕ, ಫಿಟ್ಸ್ ಎಲ್ಲಾ ಬರಬಹುದು, ಡಾಕ್ಟರ್ ನೋಡ್ಕೊಂಡೇ ಬಿಡಿಸಬೇಕು. ಇನ್ನು ಆತಂಕಕ್ಕೆ, ನಿದ್ದೆಗೆ ಕೊಡೋ ಆಲ್ಪ್ರಜೋಲಾಮ್, ಕ್ಲೋನಜೆಪಾಮ್ ಥರದ ಮಾತ್ರೆ ಯಾರಾದ್ರೂ ಬರೆದುಕೊಟ್ಟಿದ್ರೆ ತಿಳಿಸಿ, ನಮ್ಮ ಕಡೆ ಎದೆ ಬಡಿತ ಅಂದ ಕೂಡ್ಲೇ ಇದನ್ನ ಬರೆಯೋ ಅಭ್ಯಾಸ ನನಗೆ ತುಂಬಾ ನೋವು ಕೊಡತ್ತೆ, ಪಿಟಿಎಸ್‌ಡಿಗೆ ಇವು ಮದ್ದಲ್ಲ, ಮೇಲಿಂದ ರಮ್ ಜೊತೆ ಸೇರಿದ್ರೆ ಉಸಿರಿಗೇ ಅಪಾಯ. ಈಗಾಗ್ಲೇ ತಿಂಗಳುಗಟ್ಟಲೆ ತಗೊಳ್ತಿದ್ರೆ ಅದನ್ನೂ ದಿಢೀರ್ ನಿಲ್ಲಿಸಬಾರದು.

ಹಾಗಾದ್ರೆ ಚಿಕಿತ್ಸೆ ಏನು. ಟ್ರಾಮಾಕ್ಕೇ, ಅಂದ್ರೆ ಇಂಥ ಆಘಾತಕ್ಕೇ ಅಂತ ಇರೋ ಮಾತಿನ ಚಿಕಿತ್ಸೆಗಳಿಗೆ ಒಳ್ಳೆ ಪುರಾವೆ ಇದೆ. ಒಂದು ವಿಧಾನದಲ್ಲಿ ಆ ದಿನದ ಘಟನೆಯನ್ನ ಥೆರಪಿಸ್ಟ್ ಮುಂದೆ ಮತ್ತೆ ಮತ್ತೆ ಹೇಳಿಸ್ತಾರೆ, ಜೊತೆಗೆ ದೂರ ಮಾಡಿದ ಜಾಗಗಳಿಗೆ ಒಂದೊಂದೇ ಹೆಜ್ಜೆ ವಾಪಸ್ ಕರ್ಕೊಂಡು ಹೋಗ್ತಾರೆ. ಸಾಮಾನ್ಯವಾಗಿ ಎಂಟರಿಂದ ಹದಿನೈದು ಸೆಷನ್, ವಾರಕ್ಕೆ ಒಂದೋ ಎರಡೋ. ಇನ್ನೊಂದರಲ್ಲಿ "ನಾನು ತಡೀಬೇಕಿತ್ತು" ಅನ್ನೋ ಥರದ ನಂಬಿಕೆಗಳನ್ನೇ ಹಿಡಿದು ಕೆಲಸ ಮಾಡ್ತಾರೆ, ನಿಮ್ಮ ಅಪ್ಪನಿಗೆ ಇದು ಹೆಚ್ಚು ಹೊಂದಬಹುದು ಅಂತ ನನಗನಿಸತ್ತೆ. ಮಾತ್ರೆಗಳಲ್ಲಿ ಸರ್ಟ್ರಾಲಿನ್, ಪ್ಯಾರಾಕ್ಸಿಟಿನ್ ಥರದ್ದು ಕೊಡ್ತಾರೆ, ನಾಲ್ಕರಿಂದ ಆರು ವಾರ ಆದ್ಮೇಲೇ ಅದರ ಗುಣ ಕಾಣೋದು, ವಾರಕ್ಕೆ ಬಿಟ್ಟುಬಿಟ್ಟು "ಏನೂ ಆಗಲಿಲ್ಲ" ಅನ್ನಬಾರದು. ಕನ್ನಡದಲ್ಲಿ ಈ ಥೆರಪಿ ಮಾಡೋರು ಬೆಂಗಳೂರು ಮೈಸೂರು ಬಿಟ್ರೆ ಕಮ್ಮಿ, ಅದಕ್ಕೇ ಮೊದಲ ಕೆಲವು ಭೇಟಿ ಎದುರಾಎದುರು ಮಾಡಿ ಆಮೇಲೆ ವಿಡಿಯೋ ಕಾಲ್‌ನಲ್ಲಿ ಮುಂದುವರಿಸೋ ಥರ ಕೇಳಿ ನೋಡಿ.

ಎಲ್ಲಿ ಹೋಗಬೇಕು ಅಂದ್ರೆ, ಅಪ್ಪನಿಗೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡ್ ಇದ್ದೇ ಇರತ್ತೆ, 2003ರಿಂದ ಇರೋ ಸ್ಕೀಮ್. ಪಾಲಿಕ್ಲಿನಿಕ್‌ನಲ್ಲಿ ಬರೀ ಬಿಪಿ ಮಾತ್ರೆ ತಗೊಂಡು ಬರದೆ ಸೈಕಿಯಾಟ್ರಿ ರೆಫರಲ್ ಬೇಕು ಅಂತ ಬಾಯಿಬಿಟ್ಟು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ಗೂ ಕರ್ಕೊಂಡು ಬರಬಹುದು. ರಾತ್ರಿ ಹೊತ್ತು ಏನೂ ತೋಚದೆ ಇದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ, 2022ರಿಂದ ನಡೀತಿದೆ, ಅಮ್ಮನೂ ಮಾಡಬಹುದು. ಅಪ್ಪ ಸೈಕಿಯಾಟ್ರಿ ಅಂದ ಕೂಡ್ಲೇ ಬರಲ್ಲ ಅನ್ನೋದಾದ್ರೆ ನಿದ್ದೆ ಮತ್ತೆ ಎದೆ ನೋವಿನ ದಾರೀಲಿ ಕರ್ಕೊಂಡು ಹೋಗಿ, ಅದು ಸುಳ್ಳೂ ಅಲ್ಲ.

ಡಾಕ್ಟರ್ ಕೈಲಿ ಆಗದ ಒಂದು ಕೆಲಸ ಊರಿನ ಕೈಲಿದೆ. ಯಾರಿಗೆ ಪಿಟಿಎಸ್‌ಡಿ ಬರತ್ತೆ ಯಾರಿಗೆ ಬರಲ್ಲ ಅಂತ ಹತ್ತಾರು ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದಾಗ, ಆ ಮನುಷ್ಯ ಮೊದಲು ಹೇಗಿದ್ದ ಅನ್ನೋದಕ್ಕಿಂತ, ಘಟನೆ ಆದ್ಮೇಲೆ ಅವನ ಜೊತೆ ಜನ ನಿಂತ್ರಾ ಇಲ್ವಾ ಅನ್ನೋದು ಹೆಚ್ಚು ತೂಕದ್ದು ಅಂತ ಕಂಡಿದೆ. ಗಲಾಟೆ ಆದ್ಮೇಲೆ ಪೊಲೀಸರು ಶಾಂತಿ ಸಭೆ ಮಾಡಿ ಫೋಟೋ ತೆಗೆಸ್ಕೊಂಡು ಹೋಗಿರ್ತಾರೆ, ಅಕ್ಕಪಕ್ಕದ ಅಂಗಡಿಯವರು ಒಬ್ಬರ ಮುಖ ಒಬ್ಬರು ನೋಡದೆ ಶಟರ್ ಎತ್ತಿರ್ತಾರೆ. ಅಪ್ಪ ಆ ಹುಡುಗನ್ನ ಆಮೇಲೆ ನೋಡಿದಾರಾ? ನೋಡಿಲ್ಲ ಅಂದ್ರೆ, ಅವರಿಗೆ ಒಪ್ಪಿಗೆ ಇದ್ರೆ, ಥೆರಪಿಸ್ಟ್ ಸರಿ ಅಂದಾಗ, ಅವನ ಮನೆಗೆ ಒಂದು ಸಲ ಹೋಗಿಬರಲಿ. ಬದುಕಿದಾನೆ, ಓಡಾಡ್ತಿದಾನೆ ಅನ್ನೋದನ್ನ ಕಣ್ಣಾರೆ ನೋಡೋದಕ್ಕೂ ಕೇಳೋದಕ್ಕೂ ವ್ಯತ್ಯಾಸ ಇದೆ. ಗಲಾಟೆ ವಿಡಿಯೋಗಳು ಇನ್ನೂ ವಾಟ್ಸಾಪ್ ಗ್ರೂಪಲ್ಲಿ ಸುತ್ತುತಾ ಇದ್ರೆ ಆ ಗ್ರೂಪಿಂದ ಅಪ್ಪನ್ನ ಹೊರಗೆ ತನ್ನಿ, ದಿನಾ ರಾತ್ರಿ ಮಲಗೋ ಮುಂಚೆ ಅದೇ ನೋಡ್ತಿದ್ರೆ ಯಾವ ಮಾತ್ರೆಯೂ ಕೆಲಸ ಮಾಡಲ್ಲ. ಹಾಗೇ ಅವರ ಯೂನಿಟ್‌ನವರು ಯಾರಾದ್ರೂ ಹತ್ರದಲ್ಲಿದ್ರೆ ಮನೆಗೆ ಕರೀರಿ, ಮಾಜಿ ಸೈನಿಕರ ಸಂಘದ ಮೀಟಿಂಗ್‌ಗೆ ಯಾರಾದ್ರೂ ಜೊತೆಗೆ ಕರ್ಕೊಂಡು ಹೋಗಲಿ. ನಿಮ್ಮ ಹತ್ರ ಹೇಳದ್ದನ್ನ ಅವರು ಅಲ್ಲಿ ಹೇಳ್ತಾರೆ, ನನ್ನ ಹತ್ರ ಬಂದವರಲ್ಲೂ "ನನಗೂ ಹೀಗೇ ಆಗಿತ್ತು" ಅಂತ ಇನ್ನೊಬ್ಬ ಹವಾಲ್ದಾರ್ ಹೇಳಿದ್ಮೇಲೇ ಚಿಕಿತ್ಸೆಗೆ ಒಪ್ಪಿದವರು ಜಾಸ್ತಿ.

ಕೊನೇದು, ಬೆಂಗಳೂರಿಗೆ ಕರ್ಕೊಂಡು ಬರಲಾ ಅನ್ನೋದು. ಚಿಕಿತ್ಸೆ ಶುರು ಮಾಡೋಕೆ ಒಂದು ತಿಂಗಳೋ ಎರಡು ತಿಂಗಳೋ ಬರಲಿ, ಒಳ್ಳೇದೇ. ಆದ್ರೆ ಅಂಗಡಿ ಮಾರಿ, ಮನೆಗೆ ಬೀಗ ಹಾಕಿ ಪೂರ್ತಿ ಬಂದುಬಿಡೋ ನಿರ್ಧಾರ ಈಗ ಬೇಡ. ಪೇಟೆ ತಪ್ಪಿಸಿದಷ್ಟೂ ಪೇಟೆಯ ಭಯ ಬೆಳೆಯತ್ತೆ, ಮೇಲಾಗಿ ಅಪಾರ್ಟ್‌ಮೆಂಟಿನ ನಾಲ್ಕು ಗೋಡೆ ಮಧ್ಯೆ ಗುರುತಿನವರು ಯಾರೂ ಇಲ್ಲದೆ ಹಾರ್ನ್ ಸದ್ದು ಕೇಳ್ತಾ ಕೂರೋದು ಅವರಿಗೆ ಇನ್ನೊಂದು ಶಿಕ್ಷೆ ಆಗಬಹುದು. ದೀಪಾವಳಿ ಹೊತ್ತಲ್ಲಿ ಅಂತೂ ಬೆಂಗಳೂರಿಗಿಂತ ನಿಮ್ಮ ತೋಟದ ಮನೆಯೇ ವಾಸಿ. ಮತ್ತೆ ಗಲಾಟೆ ಆಗೋ ಸೂಚನೆ ನಿಜವಾಗಿ ಇದ್ರೆ, ಅಥವಾ ಅವರಿಗೆ ಯಾರಾದ್ರೂ ಬೆದರಿಕೆ ಹಾಕಿದ್ರೆ ಲೆಕ್ಕ ಬೇರೆ, ಆಗ ಮೊದಲು ಸುರಕ್ಷತೆ, ಆಮೇಲೆ ಥೆರಪಿ. ಅದಿಲ್ಲ ಅಂದ್ರೆ ಮೂರು ನಾಲ್ಕು ತಿಂಗಳು ಚಿಕಿತ್ಸೆ ಆಗಲಿ, ನಿದ್ದೆ ಬರಲಿ, ಆಮೇಲೆ ಎಲ್ಲಿರಬೇಕು ಅಂತ ಅವರನ್ನೇ ಕೇಳಿ. ಈ ವಾರ ಮಾಡಬೇಕಾದ್ದು ಎರಡೇ, ತೋಟಾ ಬೇರೆ ಕಡೆ ಹೋಗಬೇಕು, ಪಾಲಿಕ್ಲಿನಿಕ್‌ನಲ್ಲಿ ರೆಫರಲ್ ತಗೊಳ್ಬೇಕು. ಹೋಗುವಾಗ ಹಳೇ ಡಿಸ್ಚಾರ್ಜ್ ಬುಕ್, ಸರ್ವಿಸ್‌ನಲ್ಲಿ ಆಸ್ಪತ್ರೆ ಸೇರಿದ್ದ ಕಾಗದ, ಈಗಿನ ಮಾತ್ರೆಗಳ ಸ್ಟ್ರಿಪ್ ಎಲ್ಲಾ ಒಂದು ಕವರ್‌ಗೆ ಹಾಕ್ಕೊಂಡು ಹೋಗಿ, ಸಾಧ್ಯ ಆದ್ರೆ ಅಮ್ಮನೂ ಜೊತೆಗಿರಲಿ, ರಾತ್ರಿ ಏನಾಗತ್ತೆ ಅಂತ ಸರಿಯಾಗಿ ಗೊತ್ತಿರೋದು ಅವರಿಗೇ.